ಲೋಗೋಗೆ ಲಕ್ಷ, ಅಥಣಿ ಚಪ್ಪಲಿಗೆ ಚೌಕಾಸಿ

ಸಂಪಾದಕರಿಗೆ ನಮಸ್ಕಾರ,

ಕಾಸ್ಟ್ಲಿ ಬ್ರ್ಯಾಂಡ್ ಐಟಂಗಳು ಕೊಟ್ಟ ದುಡ್ಡಿಗೆ ಬಾಳ್ತಾವಾ ಅಂತ ಕೇಳೋರು 2025ರ ಜೂನ್‌ನಲ್ಲಿ ಮಿಲಾನ್ ಫ್ಯಾಷನ್ ಶೋನಲ್ಲಿ ಇಟಲಿಯ ಕಾಸ್ಟ್ಲಿ ಬ್ರ್ಯಾಂಡ್ ಪ್ರಾಡಾ ತೋರಿಸಿದ ಚಪ್ಪಲಿ ನೋಡ್ಬೇಕು, ನೋಡಿದ ತಕ್ಷಣ ಗೊತ್ತಾಗತ್ತೆ ಅದು ನಮ್ಮ ಕೊಲ್ಲಾಪುರಿ ಡಿಸೈನೇ ಅಂತ, ಆದ್ರೆ ಮೊದ್ಲು ಭಾರತದ ಹೆಸರೇ ಎತ್ತಿರ್ಲಿಲ್ಲ, ಗಲಾಟೆ ಆದ್ಮೇಲೆ ಒಪ್ಕೊಂಡ್ರು. ಕೊಲ್ಲಾಪುರಿಗೆ ಸಿಕ್ಕಿರೋ 2019ರ ಜಿಐ ಟ್ಯಾಗ್‌ನಲ್ಲಿ (ಇದು ಇಂಥ ಜಾಗದ್ದೇ ವಸ್ತು ಅನ್ನೋ ಸರ್ಕಾರಿ ಗುರುತು) ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿ, ನಿಪ್ಪಾಣಿ ಕಡೆ ತೊಗಟೆ-ಕಾಯಿ ಹಾಕಿ ಹದ ಮಾಡಿದ ಚರ್ಮನ ಮೊಳೆ ಇಲ್ದೆ ಕೈಯಲ್ಲೇ ಹೊಲೀತಾರೆ. ಆ ಕೆಲಸಕ್ಕೆ ಎಷ್ಟು ಕೊಟ್ರೂ ಜಾಸ್ತಿ ಅಲ್ಲ, ಲೋಗೋಗೆ ಕೊಡೋದು ಮಾತ್ರ ದಂಡ. ಮಾಲ್‌ನಲ್ಲಿ ಬಾಯಿ ಮುಚ್ಕೊಂಡು ಬಿಲ್ ಕಟ್ಟೋರೇ ಇಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮ ಲಿಡ್ಕರ್‌ನ ಮಳಿಗೆಗಳಲ್ಲಿ ಹೊಲಿದವರ ಹೆಸರು, ಊರು ಹಾಕಿ ಒಳ್ಳೆ ರೇಟಿಗೇ ಮಾರ್ಲಿ.

– ಒಬ್ಬ ಓದುಗ, ಧಾರವಾಡ