ಕ್ರಾಕೋವ್‌ನ ಯಹೂದಿ ಹಬ್ಬದ ಗೆಳೆಯರಿಗೆ, ಮಗಳನ್ನು ನೋಡಿಕೊಂಡ ನಮ್ಮವರಿಗೆ

ಹಬ್ಬ ಮುಗಿಯಿತು. ಪೋಸ್ಟರ್ ಬಿಚ್ಚಿದ್ದಾಯಿತು, ಕುರ್ಚಿಗಳನ್ನು ಗಾಡಿಗೆ ಹತ್ತಿಸಿದ್ದಾಯಿತು, ಕಾಲುನೋವು ಮಾತ್ರ ಇನ್ನೂ ಹೋಗಿಲ್ಲ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಒಬ್ಬೊಬ್ಬರಿಗೇ ಮೆಸೇಜ್ ಹಾಕಲು ಹೋದರೆ ಯಾರಾದರೂ ಬಿಟ್ಟುಹೋಗುತ್ತಾರೆ ಅಂತ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಕಾಜಿಮಿಯೆಶ್ ಅಂತ ಹಳೆಯ ಭಾಗವೊಂದಿದೆ. ಶತಮಾನಗಳ ಕಾಲ ಯಹೂದಿಗಳು ಬಾಳಿದ ಜಾಗ. ಎರಡನೇ ಮಹಾಯುದ್ಧಕ್ಕೆ ಮುಂಚೆ ಈ ನಗರದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಯಹೂದಿ. ನಾಜಿಗಳು ಅವರಲ್ಲಿ ಬಹುತೇಕ ಎಲ್ಲರನ್ನೂ ಕೊಂದರು. ಆಮೇಲೆ ಕಾಜಿಮಿಯೆಶ್ ಎಷ್ಟೋ ದಶಕ ಪಾಳು ಬಿದ್ದಂತೆಯೇ ಇತ್ತು. 1988ರಲ್ಲಿ, ಕಮ್ಯುನಿಸ್ಟ್ ಆಡಳಿತ ಇನ್ನೂ ಇರುವಾಗಲೇ, ಯಾನುಶ್ ಮಾಕುಖ್ ಮತ್ತು ಕ್ಷಿಷ್ಟೋಫ್ ಗೇರಾತ್ ಅನ್ನುವ ಇಬ್ಬರು ಸೇರಿ ಇಲ್ಲಿ ಯಹೂದಿ ಸಂಸ್ಕೃತಿ ಹಬ್ಬ ಶುರು ಮಾಡಿದರು. ಇಬ್ಬರೂ ಯಹೂದಿಗಳಲ್ಲ. ಸಂಗೀತ, ಸಾಹಿತ್ಯ, ಉಪನ್ಯಾಸ, ಹೀಬ್ರೂ ಅಕ್ಷರ ಬರೆಯುವ ತರಗತಿ, ಅಡುಗೆ, ಹಳೆಯ ಬೀದಿಗಳ ಸುತ್ತಾಟ, ಎಲ್ಲ ಒಟ್ಟಿಗೆ ನಡೆಯುವ ಹಬ್ಬ ಇದು.

ನಾನು ಇಲ್ಲಿಗೆ ಬಂದದ್ದು ನಮ್ಮ ಯಜಮಾನರ ಕೆಲಸದ ಜೊತೆಗೆ. ಬೆಂಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಇಲ್ಲಿ ಕೆಲಸ ಇಲ್ಲ, ಭಾಷೆ ಇಲ್ಲ, ಡಿಸೆಂಬರಿನಲ್ಲಂತೂ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲು. ಆ ಚಳಿಗಾಲ ನಾನು ಮಾತಾಡಿದ್ದೇ ಕಮ್ಮಿ. ಅಮ್ಮ ಫೋನ್ ಮಾಡಿದಾಗ ಚೆನ್ನಾಗಿದ್ದೀನಿ ಅಂತ ಹೇಳಿ ಸುಮ್ನೆ ಇಟ್ಟುಬಿಡುತ್ತಿದ್ದೆ. ಹಾಗಾಗಿ ಮೊದಲ ಥ್ಯಾಂಕ್ಸ್ ನನ್ನ ಪೋಲಿಷ್ ಟೀಚರ್‌ಗೆ. ಮನೆಯಲ್ಲಿ ಕೂತು ವ್ಯಾಕರಣ ಮಾಡಿದರೆ ಮಾತು ಬರಲ್ಲ, ಹಬ್ಬಕ್ಕೆ ಕೈಜೋಡಿಸುವವರು ಬೇಕಾಗಿದ್ದಾರೆ, ಹೋಗು ಅಂತ ಫಾರಂ ಅವರೇ ತುಂಬಿಸಿದರು.

ನಮ್ಮ ತಂಡ ನೋಡಿಕೊಳ್ಳುತ್ತಿದ್ದ ಹುಡುಗಿಗೆ ಎರಡನೆಯದು. ನನ್ನ ಹರಕುಮುರುಕು ಪೋಲಿಷ್ ಕೇಳಿಯೂ ನನ್ನನ್ನು ಮಿಯೊದೊವಾ ಬೀದಿಯ ಟೆಂಪಲ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಹತ್ತಿರ ಮಾಹಿತಿ ಮೇಜಿಗೆ ಕೂರಿಸಿದರು. ಅತಿಥಿ ಅಂತ ಮೂಲೆಯಲ್ಲಿ ಕೂರಿಸಲಿಲ್ಲ, ಕೆಲಸ ಕೊಟ್ಟರು. ಅದು ನನಗೆ ಎಷ್ಟು ಬೇಕಾಗಿತ್ತು ಅಂತ ಅವರಿಗೆ ಗೊತ್ತಿತ್ತೋ ಇಲ್ವೋ. ಆ ಸಿನಗಾಗ್ 1862ರಲ್ಲಿ ಕಟ್ಟಿ ಮುಗಿಸಿದ್ದು. ಒಳಗೆ ಚಿನ್ನದ ಬಣ್ಣದ ಛಾವಣಿ, ಬಣ್ಣದ ಗಾಜಿನ ಕಿಟಕಿ. ಯುದ್ಧದ ಕಾಲದಲ್ಲಿ ಜರ್ಮನ್ನರು ಅದನ್ನು ಕುದುರೆ ಲಾಯ ಮಾಡಿಕೊಂಡಿದ್ದರಂತೆ. ಈಗ ಅಲ್ಲಿ ಸಂಜೆ ಸಂಗೀತ ಕಚೇರಿ ನಡೆಯುವಾಗ ಬಾಗಿಲವರೆಗೂ ಜನ.

ಒಂದು ಮಧ್ಯಾಹ್ನ ಇಸ್ರೇಲಿನಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಮೇಜಿನ ಮುಂದೆ ನಿಂತು, ಕೋಳಿ ಕೊಯ್ಯುತ್ತಿದ್ದ ಆ ದುಂಡು ಕಟ್ಟಡ ಎಲ್ಲಿ ಅಂತ ಕೇಳಿದರು. ಅವರ ಅಪ್ಪ ಚಿಕ್ಕ ಹುಡುಗನಾಗಿದ್ದಾಗ ಶುಕ್ರವಾರ ಕೋಳಿ ಹಿಡಿದುಕೊಂಡು ಅಲ್ಲಿ ಸರದಿಯಲ್ಲಿ ನಿಲ್ಲುತ್ತಿದ್ದರಂತೆ. ಅವರು ಹೇಳುತ್ತಿದ್ದದ್ದು ಪ್ಲಾಟ್ಸ್ ನೋವಿ ಚೌಕದ ಮಧ್ಯದ ಕಟ್ಟಡ. ಅಲ್ಲಿ ಹಿಂದೆ ಯಹೂದಿ ಕ್ರಮದಲ್ಲಿ ಕೋಳಿ ಕೊಯ್ಯುತ್ತಿದ್ದರು. ಈಗ ಅದರ ಸುತ್ತಲಿನ ಕಿಟಕಿಗಳಲ್ಲಿ ಜಪಿಯೆಕಾಂಕಾ ಮಾರುತ್ತಾರೆ, ಉದ್ದನೆ ಬ್ರೆಡ್ಡಿನ ಮೇಲೆ ಅಣಬೆ, ಚೀಸ್ ಹಾಕಿ ಸುಟ್ಟಿದ್ದು. (ನಮ್ಮಂಥ ಸಸ್ಯಾಹಾರಿಗಳಿಗೆ ಈ ಊರಲ್ಲಿ ದೊಡ್ಡ ಆಸರೆ.) ನಾನು ನಕ್ಷೆಯಲ್ಲಿ ತೋರಿಸುವಷ್ಟರಲ್ಲಿ ತಂಡದ ಹುಡುಗಿ ಮೇಜು ಬೇರೆಯವರಿಗೆ ಒಪ್ಪಿಸಿ, ನೀನೂ ಬಾ ಅಂದರು. ಮೂವರೂ ನಿಧಾನವಾಗಿ ನಡೆದುಕೊಂಡು ಹೋದೆವು. ಆ ಅಜ್ಜಿ ಕಟ್ಟಡವನ್ನು ಒಂದು ಸುತ್ತು ಹಾಕಿದರು, ಗೋಡೆ ಮುಟ್ಟಿದರು, ಆಮೇಲೆ ಅಪ್ಪನ ತುಂಟತನಗಳನ್ನೆಲ್ಲ ಹೇಳುತ್ತಾ ಹೋದರು. ಯುದ್ಧದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಪ್ಪ ಸತ್ತೇಹೋಗುತ್ತಿದ್ದ ಊರಲ್ಲ, ಅಪ್ಪ ಆಡಿ ಬೆಳೆದ ಊರು. ನನ್ನ ಪಾಠಗಳಲ್ಲಿ ಯಹೂದಿಗಳು ಅಂದರೆ ಹತ್ಯೆಯ ಲೆಕ್ಕ ಅಷ್ಟೇ ಇರುತ್ತಿತ್ತು. ಅವರ ಬದುಕನ್ನು ನನಗೆ ತೋರಿಸಿದ ಆ ಅಜ್ಜಿಗೆ ನಾನು ಋಣಿ.

ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾಗಿದ್ದ ಯಿಡ್ಡಿಷ್ ಹೇಳಿಕೊಟ್ಟ ಮೇಷ್ಟ್ರಿಗೂ ಹಾಗೇ. ಕೆಲಸ ಮುಗಿದ ಮೇಲೆ ನಮ್ಮನ್ನು ಕೂರಿಸಿಕೊಂಡು ಮೊರ್ದೆಖಾಯ್ ಗೆಬಿರ್ಟಿಗ್ ಹಾಡುಗಳನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದರು. ಗೆಬಿರ್ಟಿಗ್ ಇದೇ ಕಾಜಿಮಿಯೆಶ್‌ನ ಬಡಗಿ. ಹಗಲು ಪೀಠೋಪಕರಣ ರಿಪೇರಿ, ಬಿಡುವಾದಾಗ ಯಿಡ್ಡಿಷ್‌ನಲ್ಲಿ ಹಾಡು ಕಟ್ಟುವುದು. 1936ರಲ್ಲಿ ಪ್ಷಿತಿಕ್ ಅನ್ನುವ ಊರಿನಲ್ಲಿ ಯಹೂದಿಗಳ ಮೇಲೆ ದಾಳಿ ಆಯಿತು. ಅದರ ನಂತರ ಅವರು ಬರೆದ ಹಾಡೊಂದರಲ್ಲಿ, ಊರು ಉರಿಯುತ್ತಿದೆ, ಕೈಕಟ್ಟಿ ನೋಡುತ್ತಾ ನಿಲ್ಲಬೇಡಿ ಅಂತ ಕೂಗುತ್ತಾರೆ. 1942ರ ಜೂನ್ 4ರಂದು ನದಿಯಾಚೆಯ ಪೊದ್ಗೂಜೆಯಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದಲ್ಲಿ, ಅವರನ್ನು ಗುಂಡಿಟ್ಟು ಕೊಂದರು. ಮಾರನೇ ದಿನ ನಾನು ಸೇತುವೆ ದಾಟಿ ಅಲ್ಲಿಗೆ ಹೋಗಿ ಬಂದೆ. ಅಲ್ಲಿನ ಚೌಕದ ತುಂಬಾ, ಘೆಟ್ಟೋದ ಯಹೂದಿಗಳ ನೆನಪಿಗೆ ಇಟ್ಟ ಲೋಹದ ಖಾಲಿ ಕುರ್ಚಿಗಳಿವೆ. ಅದಕ್ಕಿಂತ ಜಾಸ್ತಿ ಬರೆಯಲು ನನ್ನಿಂದ ಆಗುತ್ತಿಲ್ಲ.

ಯಹೂದಿಗಳೇ ಕಮ್ಮಿ ಇರುವ ಊರಲ್ಲಿ ಯಹೂದಿ ಹಬ್ಬ ಯಾಕೆ, ಇದೆಲ್ಲ ಪ್ರವಾಸಿಗರಿಗೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ರಬ್ಬಿಗಳ (ಯಹೂದಿ ಧರ್ಮಗುರುಗಳ) ಮರದ ಗೊಂಬೆಗಳನ್ನು ಸಾಲಾಗಿ ಇಟ್ಟು ಮಾರುವುದನ್ನು ಕಂಡರೆ ನನಗೂ ಕಸಿವಿಸಿ ಆಗುತ್ತದೆ. ಆದರೆ ಇಲ್ಲಿ ಇಂದಿಗೂ ಯಹೂದಿ ಸಮುದಾಯ ಇದೆ, ಚಿಕ್ಕದಾದರೂ ಜೀವಂತವಾಗಿದೆ. ಅವರೂ ಹಬ್ಬಕ್ಕೆ ಬರುತ್ತಾರೆ, ಹಾಡುತ್ತಾರೆ, ಜೋರಾಗಿ ವಾದ ಮಾಡುತ್ತಾರೆ. ಕುರ್ಚಿ ಹೊರುವ ಪೋಲಿಷ್ ಹುಡುಗರು ತಮ್ಮ ಊರಿನ ಅರ್ಧ ಕಥೆಯನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ ಅಂದಾಗ, ಈ ಹಬ್ಬ ಯಾಕೆ ಬೇಕು ಅಂತ ನನಗೆ ಗೊತ್ತಾಯಿತು.

ಇನ್ನು ನಮ್ಮ ಕನ್ನಡದ ಮನೆಗಳಿಗೆ. ನಾನು ರಾತ್ರಿ ತಡವಾಗಿ ಬಂದ ದಿನಗಳಲ್ಲೆಲ್ಲ ಮಗಳಿಗೆ ಊಟ ಮಾಡಿಸಿ, ಮಲಗಿಸಿ, ನನಗೂ ಒಂದು ಡಬ್ಬಿ ಅನ್ನ ಸಾರು ಎತ್ತಿಟ್ಟಿದ್ದಿರಿ. ಅಕ್ಕ, ನೀವಿಲ್ಲದೆ ನಾನು ಮೊದಲ ದಿನವೇ ಬಿಟ್ಟು ಬರುತ್ತಿದ್ದೆ. ಅಣ್ಣಾ, ಕೊನೇ ದಿನ ಕೇಳದೆಯೇ ಬಂದು ಟೇಬಲ್ ಹೊತ್ತಿರಿ, ಅಲ್ಲಿನವರು ಇವತ್ತಿಗೂ ನಿಮ್ಮನ್ನು ಕೇಳುತ್ತಿದ್ದಾರೆ.

ತಂಡದವರೇ, ಮುಂದಿನ ಬೇಸಿಗೆಗೂ ನನ್ನ ಹೆಸರು ಬರೆದುಕೊಳ್ಳಿ. ಅದೇ ಮೇಜು ಕೊಟ್ಟರೆ ಖುಷಿ. ಅಷ್ಟರೊಳಗೆ ಪೋಲಿಷ್ ಇನ್ನೂ ಸ್ವಲ್ಪ ಕಲಿತಿರುತ್ತೇನೆ.