ಇನ್ನು ಮುಂದೆ ನಮ್ಮ ಫೋಟೋಗಳಲ್ಲಿ ಮೈ ತಿದ್ದುವುದಿಲ್ಲ

ನಮ್ಮ ಗ್ರಾಹಕ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ಧಾರವಾಡದ ನಿಮ್ಮ ಸಹಕಾರಿ ಸಂಘದಿಂದ ನಮಸ್ಕಾರ.

ದಸರಾ ಹೊತ್ತಿಗೆ ನಿಮ್ಮ ಕೈಸೇರುವ ಹೊಸ ಕ್ಯಾಟಲಾಗ್ ಸ್ವಲ್ಪ ಬೇರೆ ಥರ ಕಾಣುತ್ತದೆ. ಕಸೂತಿ ಕುರ್ತಾ, ಖಣದ ಕುಬಸ, ಇಳಕಲ್ ಸೀರೆ ಎಲ್ಲ ಮೊದಲಿನವೇ. ಬದಲಾಗಿರುವುದು ಅವನ್ನು ತೊಟ್ಟು ನಿಂತವರ ಫೋಟೋ. ಇನ್ನು ಮುಂದೆ ನಮ್ಮ ಯಾವ ಫೋಟೋದಲ್ಲೂ ಸೊಂಟ ಸಣ್ಣ ಮಾಡುವುದಿಲ್ಲ, ತೋಳು ತೆಳ್ಳಗೆ ಮಾಡುವುದಿಲ್ಲ, ಮೈಬಣ್ಣ ತಿಳಿ ಮಾಡುವುದಿಲ್ಲ. ಹೊಟ್ಟೆಯ ಮಡಿಕೆ, ಹೆರಿಗೆಯ ಗೆರೆ, ಮೊಡವೆ ಕಲೆ, ಬಿಳಿಕೂದಲು ಇದ್ದರೆ ಇರುತ್ತವೆ. ಫೋಟೋಕ್ಕೆ ನಿಲ್ಲುವವರು ನಮ್ಮ ಸಂಘದ ಹೆಣ್ಮಕ್ಕಳು ಮತ್ತು ನಿಮ್ಮಲ್ಲೇ ಕೆಲವರು.

ಈ ಮಾತು ಶುರುವಾದದ್ದು ಹೊಲಿಗೆಯಿಂದ. ಕಸೂತಿಗೆ ಪೆನ್ಸಿಲ್ ಗುರುತು ಹಾಕುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಹೊಲಿಗೆ ನೇರ ಹೋಗುತ್ತದೆ, ಮುರಗಿ ಮೆಟ್ಟಿಲಿನ ಹಾಗೆ ಏರುತ್ತದೆ. ಒಂದು ಎಳೆ ತಪ್ಪಿದರೂ ಗೋಪುರದ ಚಿತ್ತಾರ ವಾಲುತ್ತದೆ. ಈಗ ಕಂಪ್ಯೂಟರಿನಲ್ಲಿ ಸೊಂಟ ಒಳಗೆ ತಳ್ಳಿದರೆ ಏನಾಗುತ್ತದೆ ನೋಡಿ. ಮೈ ಜೊತೆಗೆ ಅದರ ಮೇಲಿನ ಬಟ್ಟೆಯೂ ಒಳಗೆ ಹೋಗುತ್ತದೆ. ನೇರ ಇದ್ದ ಹೊಲಿಗೆ ಬಾಗುತ್ತದೆ, ತೇರಿನ ಚಿತ್ತಾರದ ಒಂದು ಬದಿ ಕುಗ್ಗುತ್ತದೆ. ಮುಖ ಬೆಳ್ಳಗೆ ಮಾಡಲು ಇಡೀ ಫೋಟೋದ ಬೆಳಕು ಏರಿಸಿದರೆ ಕಡುಗೆಂಪು ಖಣ ಗುಲಾಬಿಯಾಗಿ ಕಾಣುತ್ತದೆ. ಎಳೆ ಎಣಿಸಿ ಎಣಿಸಿ ಕಣ್ಣು ನೋಯಿಸಿಕೊಂಡವಳಿಗೆ ಇದನ್ನು ನೋಡಿ ಸಂಕಟ ಆಗದೆ ಇರುತ್ತದೆಯೇ?

ತೊಡುವವರ ಸಂಕಟ ಇನ್ನೂ ದೊಡ್ಡದು. ‘ಫೋಟೋದಾಗ ಚೊಲೊ ಕಂಡಿತ್ತರೀ, ನನಗ ಹಂಗ ಕೂಡವಲ್ದು’ ಎನ್ನುವ ಮಾತು ಬಟ್ಟೆ ಮಾರುವವರೆಲ್ಲ ಕೇಳಿದ್ದಾರೆ. ಜಾಹೀರಾತಿನ ಫೋಟೋ ತೆಗೆಯುವಾಗ ಕುರ್ತಾದ ಬೆನ್ನಿಗೆ ಕ್ಲಿಪ್ ಹಾಕಿ ಬಿಗಿ ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲಿ. ಮುಂದಿನಿಂದ ನೋಡಿದವರಿಗೆ ಅದು ಅಚ್ಚುಕಟ್ಟಾಗಿ ಕೂತ ಹಾಗೆ ಕಾಣುತ್ತದೆ. ಮನೆಯಲ್ಲಿ ಅದನ್ನೇ ತೊಟ್ಟು ಕನ್ನಡಿ ಮುಂದೆ ನಿಂತವಳಿಗೆ ಆ ಕ್ಲಿಪ್ ಗೊತ್ತಿರುವುದಿಲ್ಲ. ಅವಳು ಬಟ್ಟೆಯನ್ನು ಬೈಯುವುದಿಲ್ಲ, ತನ್ನ ಮೈಯನ್ನೇ ಬೈದುಕೊಳ್ಳುತ್ತಾಳೆ. ನಮ್ಮನ್ನು ಹೆಚ್ಚು ಕಾಡಿದ್ದು ಇದು.

ನಮ್ಮ ಕಡೆ ಮೊದಲೆಲ್ಲ ಮೈಕೈ ತುಂಬಿಕೊಂಡವರನ್ನೇ ಚೆಂದ ಅನ್ನುತ್ತಿದ್ದರು. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲೂ ಹಾಗೇ ಇತ್ತು. ಅಲ್ಲಿನ ನದ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಹಾರ್ವರ್ಡ್‌ನ ಆ್ಯನ್ ಬೆಕರ್ ಎಂಬ ಸಂಶೋಧಕಿ ಟಿವಿ ಬಂದ ಹೊಸದರಲ್ಲಿ ಶಾಲೆಯ ಹುಡುಗಿಯರನ್ನು ಮಾತಾಡಿಸಿದರು, 1998ರಲ್ಲಿ ಇನ್ನೊಂದು ಗುಂಪಿನ ಹುಡುಗಿಯರಿಗೆ ಅದೇ ಪ್ರಶ್ನೆ ಕೇಳಿದರು. ತೂಕ ಇಳಿಸಲೆಂದು ಬೇಕಂತಲೇ ವಾಂತಿ ಮಾಡಿಕೊಳ್ಳುವ ಹುಡುಗಿ ಮೊದಲ ಸಲ ಒಬ್ಬಳೂ ಇರಲಿಲ್ಲ. ಮೂರು ವರ್ಷದ ನಂತರ ನೂರಕ್ಕೆ 11 ಹುಡುಗಿಯರು ಹಾಗೆ ಮಾಡುತ್ತಿದ್ದರು. ಆಗ ಅವರ ಮುಂದೆ ಇದ್ದದ್ದು ಟಿವಿ ಮಾತ್ರ. ಈಗ ನಮ್ಮ ಮಕ್ಕಳ ಕೈಯಲ್ಲಿ ದಿನವಿಡೀ ಮೊಬೈಲ್ ಇರುತ್ತದೆ. ಅದರಲ್ಲಿ ಬರುವ ಸಾವಿರಾರು ಫೋಟೋಗಳಲ್ಲಿ ನಮ್ಮ ಕ್ಯಾಟಲಾಗಿನವೂ ಕೆಲವು. ಆ ಕೆಲವಾದರೂ ನಿಜ ಇರಲಿ ಎಂದು ನಮ್ಮ ಆಸೆ.

ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನೇ ಇದೆ. ಫ್ರಾನ್ಸಿನಲ್ಲಿ ಮಾಡೆಲ್‌ಗಳ ಮೈಯನ್ನು ತೆಳ್ಳಗೆ ಅಥವಾ ದಪ್ಪ ಮಾಡಿ ತಿದ್ದಿದ್ದರೆ, ತಿದ್ದಿದ ಫೋಟೋ ಎಂದು ಜಾಹೀರಾತಿನ ಮೇಲೆ ಬರೆಯಲೇಬೇಕು. 2017ರ ಅಕ್ಟೋಬರ್‌ನಿಂದ ಅಲ್ಲಿ ಈ ನಿಯಮ ಇದೆ. ನಾರ್ವೆಯಲ್ಲಿ 2022ರ ಜುಲೈಯಲ್ಲಿ ಇಂಥದೇ ನಿಯಮ ಬಂತು. ನಾವೂ ಹಾಗೇ ಒಂದು ಸಾಲು ಬರೆದು ಸುಮ್ಮನಾಗೋಣ ಎಂದು ಸಭೆಯಲ್ಲಿ ಒಂದು ಸಲಹೆ ಬಂತು. ಆದರೆ ಅಂಥ ಸಾಲು ಓದಿದ ಮೇಲೂ ನೋಡುವವರಿಗೆ ತಮ್ಮ ಮೈ ಬಗ್ಗೆ ಇರುವ ಬೇಸರ ಕಡಿಮೆಯಾಗುವುದಿಲ್ಲ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಸರಿ ತಾನೇ, ಕಣ್ಣು ಮೊದಲು ನೋಡುವುದು ಚಿತ್ರವನ್ನೇ ಅಲ್ವಾ? ಅದಕ್ಕೇ ತಿದ್ದುವುದನ್ನೇ ಬಿಟ್ಟೆವು. ಎಐ ಬರೆದುಕೊಡುವ, ಎಲ್ಲೂ ಇಲ್ಲದ ಹೆಣ್ಮಕ್ಕಳ ಚಿತ್ರಗಳನ್ನೂ ಬಳಸುವುದಿಲ್ಲ.

ಏನೂ ಮಾಡುವುದಿಲ್ಲ ಅಂತಲ್ಲ. ಬಟ್ಟೆಯ ಬಣ್ಣ ಕಣ್ಣಿಗೆ ಕಂಡ ಹಾಗೆ ಬರುವಂತೆ ಬೆಳಕು ಸರಿ ಮಾಡುತ್ತೇವೆ, ಅಂಚು ಕತ್ತರಿಸುತ್ತೇವೆ, ಅಷ್ಟೇ. ಎಷ್ಟೋ ಮೊಬೈಲ್‌ಗಳು ಕೇಳದೆಯೇ ಮುಖ ನುಣುಪು ಮಾಡಿಬಿಡುತ್ತವೆ, ಆ ಸೆಟ್ಟಿಂಗ್ ಆಫ್ ಮಾಡಿಯೇ ಫೋಟೋ ತೆಗೆಯುತ್ತೇವೆ. ತೀರಾ ಹತ್ತಿರದಿಂದ ತೆಗೆದರೆ ಮೈಯ ಆಕಾರ ಕೆಡುತ್ತದೆ. ಹಾಗಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದು, ಕ್ಯಾಮೆರಾವನ್ನು ಎದೆಮಟ್ಟದಲ್ಲಿ ಹಿಡಿದು ತೆಗೆಯುತ್ತೇವೆ. ಪ್ರತಿ ಬಟ್ಟೆಯನ್ನು ಮುಂದಿನಿಂದ, ಬೆನ್ನಿನಿಂದ, ಕೂತಾಗ ಹೀಗೆ ಮೂರು ಥರ ತೋರಿಸುತ್ತೇವೆ. ಕೂತಾಗ ಕುರ್ತಾ ಹೊಟ್ಟೆಯ ಹತ್ತಿರ ಎಷ್ಟು ಬಿಗಿಯುತ್ತದೆ ಎನ್ನುವುದು ಕೊಳ್ಳುವವರಿಗೆ ಗೊತ್ತಾಗಬೇಕು. ಫೋಟೋದ ಕೆಳಗೆ ತೊಟ್ಟವರ ಎತ್ತರ, ಎದೆ ಮತ್ತು ಸೊಂಟದ ಅಳತೆ, ತೊಟ್ಟ ಸೈಜು ಬರೆದಿರುತ್ತದೆ. ನಿಮ್ಮ ಅಳತೆಗೆ ಹತ್ತಿರದವರನ್ನು ಹುಡುಕಿ ನೋಡಿ. ದೊಡ್ಡ ಸೈಜಿಗೆ ಜಾಸ್ತಿ ದುಡ್ಡು ತೆಗೆದುಕೊಳ್ಳುವುದಿಲ್ಲ.

ನಿಮಗೆ ಫೋಟೋಕ್ಕೆ ನಿಲ್ಲುವ ಮನಸ್ಸಿದ್ದರೆ ಅಂಗಡಿಯಲ್ಲಿ ಹೆಸರು ಬರೆಸಿ. ಸಣ್ಣವರು, ದಪ್ಪಗಿದ್ದವರು, ಅಜ್ಜಿಯರು, ಬಾಣಂತಿಯರು ಯಾರಾದರೂ ಸರಿ, ಹದಿನೆಂಟು ತುಂಬಿರಬೇಕು. ಫೋಟೋ ತೆಗೆಯುವ ಕೋಣೆಯಲ್ಲಿ ಹೆಣ್ಮಕ್ಕಳು ಮಾತ್ರ ಇರುತ್ತೇವೆ. ನಿಂತದ್ದಕ್ಕೆ ಸಂಭಾವನೆ ಇದೆ. ಯಾವ ಫೋಟೋ ಹಾಕಬೇಕು ಎಂದು ನೀವೇ ಆರಿಸಬೇಕು. ಮುಖ ಬೇಡ ಅಂದರೆ ಕುತ್ತಿಗೆ ಕೆಳಗೆ ಮಾತ್ರ ತೆಗೆಯುತ್ತೇವೆ. ಆಮೇಲೆ ಯಾವಾಗಲಾದರೂ ಬೇಡ ಅನಿಸಿದರೆ ಒಂದು ಫೋನ್ ಮಾಡಿ, ಕಾರಣ ಕೇಳದೆ ತೆಗೆದುಹಾಕುತ್ತೇವೆ. ಬರುವಾಗ ನಿಮಗೆ ಸರಿಯಾಗಿ ಕೂಡುವ ಒಂದು ಹಳೆಯ ಕುಬಸ ತನ್ನಿ, ಅದರ ಮೇಲೆ ಅಳತೆ ತೆಗೆದುಕೊಳ್ಳುವುದು ಸುಲಭ.

ನಿಮ್ಮ ಸಹಕಾರಿ ಸಂಘದ ಹೆಣ್ಮಕ್ಕಳು,
ಧಾರವಾಡ