ಎರಡನೇ ಹೆರಿಗೆಯಲ್ಲಿ ಜೊತೆಗಿದ್ದವರಿಗೆ

ಮಗಳಿಗೆ ಮೊನ್ನೆ ಮೂರು ತಿಂಗಳು ತುಂಬಿತು. ತಿಪಟೂರು ಬಳಿಯ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಮೈಸೂರಿನ ಮನೆಗೆ ಮರಳಿದ ಮೇಲೆ, ಈ ಹೆರಿಗೆಯ ಹಿಂದೆ ನಿಂತವರಿಗೆ ಫೋನಿನಲ್ಲಿ ಹೇಳಿದ ನಾಲ್ಕು ಮಾತು ಸಾಲದೆನಿಸಿ, ಎಲ್ಲರೆದುರು ಹೇಳಲೆಂದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರುಗಳನ್ನು ಮಾತ್ರ ಬರೆಯುವುದಿಲ್ಲ.

ನಾಲ್ಕು ವರ್ಷಗಳ ಹಿಂದೆ ಮೊದಲ ಹೆರಿಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಿಸೇರಿಯನ್ ಆಯಿತು. ಸ್ಟ್ರೆಚರಿನ ಮೇಲೆ ನೋವಿನಲ್ಲಿ ಒದ್ದಾಡುತ್ತಿದ್ದಾಗ ಒಂದು ಹಾಳೆ ಮುಂದೆ ಬಂತು, ರುಜು ಹಾಕಿದೆ. ಏಕೆಂದು ಯಾರೂ ಹೇಳಲಿಲ್ಲ, ಕೇಳುವ ತ್ರಾಣ ನನಗೂ ಇರಲಿಲ್ಲ. ಮಗ ಆರೋಗ್ಯವಾಗಿದ್ದ, ಹೊಲಿಗೆಯೂ ಬೇಗ ಮಾಗಿತು. ಆದರೆ ದುಡ್ಡಿಗಾಗಿಯೇ ಕೊಯ್ದರು ಎಂಬ ಗುಮಾನಿ ಮಾತ್ರ ಮಾಗಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇ. 23.6ರಷ್ಟಿದ್ದ ಸಿಸೇರಿಯನ್ ಹೆರಿಗೆಗಳು 2019-21ರ ಹೊತ್ತಿಗೆ ಶೇ. 31.5ಕ್ಕೆ ಏರಿವೆ ಎಂದು ಓದಿದ ದಿನ ಆ ಗುಮಾನಿ ಇನ್ನಷ್ಟು ಗಟ್ಟಿಯಾಯಿತು.

ಮತ್ತೆ ಬಸಿರಾದಾಗ ಸಹಜ ಹೆರಿಗೆಯ ಆಸೆಯನ್ನು ಬಾಯಿಬಿಟ್ಟು ಹೇಳಿದರೆ, ಒಮ್ಮೆ ಕೊಯ್ದ ಮೇಲೆ ಮತ್ತೆ ಕೊಯ್ಯಲೇಬೇಕೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಮನೆಯವರು ನಕ್ಕರು. ನಗದೆ ಇದ್ದವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ತಾಯಿ ಕಾರ್ಡಿಗೆ ವಿವರ ಕೇಳಲು ಬಂದವರು ಹಿಂದಿನ ಹೆರಿಗೆಯ ವಿಷಯ ಬಂದಾಗ ತಡೆದು, "ಆಪರೇಷನ್ ಮಾಡಿದ ಕಾಗದ ಎಲ್ಲಿದೆ ಅಕ್ಕಾ?" ಎಂದರು. ನನ್ನ ಬಳಿ ಇದ್ದದ್ದು ಬಿಲ್ಲು ಮಾತ್ರ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆಂದು ತಿಳಿಸಿ, ಆ ಕಾಗದವನ್ನು ತೆಗೆದುಕೊಂಡೇ ಹೋಗಬೇಕೆಂದು ಅವರು ಪಟ್ಟು ಹಿಡಿಯದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ.

ಮೊದಲ ಹೆರಿಗೆಯಾದ ಆಸ್ಪತ್ರೆಯವರು ಎರಡು ಬಾರಿ ನೆಪ ಹೇಳಿ ಕಳುಹಿಸಿದರು. ಆಗ ನೆರವಾದವಳು ತುಮಕೂರಿನಲ್ಲಿ ವಕೀಲಿಕೆ ಮಾಡುವ ನನ್ನ ಚಿಕ್ಕಪ್ಪನ ಮಗಳು. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಗಳೇ ಹೇಳುತ್ತವೆ ಎಂದು ತಿಳಿಸಿ, ನಾಲ್ಕು ಸಾಲಿನ ಅರ್ಜಿಯನ್ನು ಅವಳೇ ಬರೆದುಕೊಟ್ಟಳು. ಮೂರನೇ ದಿನ ಪ್ರತಿ ಕೈಗೆ ಬಂತು.

ಆ ಕಾಗದವನ್ನು ಓದಿ ಬಿಡಿಸಿ ಹೇಳಿದ ಸರ್ಕಾರಿ ಆಸ್ಪತ್ರೆಯ ವೈದ್ಯೆಗೆ ನಾನು ಎಷ್ಟು ಕೃತಜ್ಞಳಾದರೂ ಕಡಿಮೆಯೇ. ಹೊರಗೆ ಸಾಲು ಹನುಮಂತನ ಬಾಲದಂತೆ ಬೆಳೆದಿದ್ದರೂ ಅವರು ಅವಸರಪಡಲಿಲ್ಲ. 110ರಿಂದ 160ರ ನಡುವೆ ಇರಬೇಕಾದ ಮಗುವಿನ ಎದೆಬಡಿತ ಅಂದು 80ಕ್ಕೆ ಇಳಿದು ಮೇಲೇರದೆ ನಿಂತಿತ್ತು ಎಂದು ಅದರಲ್ಲಿ ಬರೆದಿತ್ತು. "ನಾನಿದ್ದರೂ ಇದನ್ನೇ ಮಾಡುತ್ತಿದ್ದೆ" ಎಂದರು. ನಾಲ್ಕು ವರ್ಷ ಹೊತ್ತ ಸಿಟ್ಟು ಅಲ್ಲಿಯೇ ಇಳಿಯಿತು. ಅಂದು ಈ ಒಂದು ವಾಕ್ಯವನ್ನು ಯಾರಾದರೂ ಹೇಳಿದ್ದರೆ ಹೊರುವ ಪ್ರಸಂಗವೇ ಇರುತ್ತಿರಲಿಲ್ಲ ಎಂಬ ಬೇಸರ ಮಾತ್ರ ಈಗಲೂ ಇದೆ.

ಆಮೇಲೆ ಅವರು ಔಷಧಿ ಚೀಟಿಯ ಹಿಂಬದಿಯಲ್ಲಿ ತಲೆಕೆಳಗಾದ ಸೋರೆಬುರುಡೆಯಂಥ ಗರ್ಭಕೋಶವೊಂದನ್ನು ಬರೆದು, ಅದರ ಕೆಳಭಾಗದಲ್ಲಿ ಅಡ್ಡಲಾಗಿ ಒಂದು ಗೆರೆ ಎಳೆದರು. ಹೊಟ್ಟೆಯ ಮೇಲಿನ ಗಾಯವನ್ನು ನೋಡಿ ಒಳಗಿನ ಗಾಯ ಎಂಥದ್ದೆಂದು ಹೇಳಲಾಗದು. ಅದು ಹೀಗೆ ಕೆಳಗೆ, ಅಡ್ಡಲಾಗಿ ಇದ್ದು ಬೇರೆ ತೊಡಕಿಲ್ಲದಿದ್ದರೆ, ಸಹಜ ಹೆರಿಗೆಗೆ ಪ್ರಯತ್ನಿಸುವ ನೂರು ಮಂದಿಯಲ್ಲಿ 72ರಿಂದ 75 ಮಂದಿಗೆ ಅದು ಕೈಗೂಡುತ್ತದೆ. ಆದರೆ ಸುಮಾರು 200ರಲ್ಲಿ ಒಬ್ಬರಿಗೆ ಹಳೆಯ ಗಾಯ ಬಿಚ್ಚಿಕೊಳ್ಳಬಹುದು, ಆಗ ತಾಯಿ ಮಗು ಇಬ್ಬರಿಗೂ ಅಪಾಯ ಎಂದು ಎರಡೂ ಕಡೆಯನ್ನು ಒಂದೇ ಧ್ವನಿಯಲ್ಲಿ ಹೇಳಿದರು. ನೋವು ತಾನಾಗಿ ಬರಬೇಕು, ಮಾತ್ರೆ ಇಟ್ಟು ಬರಿಸುವುದಿಲ್ಲ. ಆಪರೇಷನ್ ಥಿಯೇಟರ್ ಮತ್ತು ರಕ್ತ ಸಿದ್ಧವಿರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ಬೇಕೆಂದಾಗ ಆಪರೇಷನ್‌ಗೆ ತಕರಾರಿಲ್ಲದೆ ಒಪ್ಪಬೇಕು ಎಂಬ ಷರತ್ತುಗಳನ್ನು ಹಾಕಿ, ನಿರ್ಧಾರಕ್ಕೆ ಎರಡು ವಾರ ಸಮಯ ಕೊಟ್ಟರು.

ಆ ಎರಡು ವಾರಗಳಲ್ಲಿ ನನ್ನೊಡನೆ ಹೆಚ್ಚು ಮಾತನಾಡಿದವಳು ನನ್ನ ಓರಗಿತ್ತಿ. ಅವಳು ಎರಡನೆಯ ಸಲವೂ ಸಿಸೇರಿಯನ್ನನ್ನೇ ಬಯಸಿ ಮಾಡಿಸಿಕೊಂಡವಳು. ದಿನ ಗೊತ್ತಿದ್ದದ್ದರಿಂದ ತನಗಾದ ನೆಮ್ಮದಿಯನ್ನೂ, ಮೊದಲ ಮಗುವನ್ನು ವಾರಗಟ್ಟಲೆ ಎತ್ತಿಕೊಳ್ಳಲಾಗದ ಸಂಕಟವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ತನ್ನ ದಾರಿಗೆ ನನ್ನನ್ನು ಎಳೆಯಲಿಲ್ಲ. ನಾನು ಬೇರೆಯದನ್ನು ಆರಿಸಿಕೊಂಡಾಗ ಮುನಿಯಲೂ ಇಲ್ಲ.

ನೋವು ಶುರುವಾದದ್ದು ಒಂದು ಮಂಗಳವಾರ ನಸುಕಿನಲ್ಲಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಗರ್ಭಿಣಿಯ ಜೊತೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಅನುಮತಿ ಕೊಟ್ಟಿದೆ. ನನ್ನ ಜೊತೆ ಬಂದವರು, ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ನಮ್ಮ ಅತ್ತೆಯೇ. ಮಗುವಿನ ಎದೆಬಡಿತ ನೋಡುವ ಯಂತ್ರದ ಪಟ್ಟಿ ಹೊಟ್ಟೆಯಿಂದ ಜಾರಿದಾಗಲೆಲ್ಲ ಸರಿಪಡಿಸುತ್ತ, ಬೆನ್ನು ನೀವುತ್ತ, ಗುಟುಕು ಗುಟುಕಾಗಿ ಎಳನೀರು ಕುಡಿಸುತ್ತ ಹಗಲಿಡೀ ನಿಂತೇ ಇದ್ದರು. ಮಧ್ಯಾಹ್ನದ ಹೊತ್ತಿಗೂ ಗರ್ಭಕೋಶದ ಬಾಯಿ ನಾಲ್ಕೇ ಸೆಂಟಿಮೀಟರ್ ತೆರೆದಿದೆ ಎಂದು ಕೇಳಿ ನಾನು ಅತ್ತಾಗ, ಪಾಳಿಯಲ್ಲಿದ್ದ ನರ್ಸ್ ಪಕ್ಕದಲ್ಲಿ ಕುಳಿತು, ಐದು ಸೆಂಟಿಮೀಟರ್ ಆಗುವ ತನಕ ನಿಧಾನವೇ, ಗಂಟೆಗೊಂದು ಸೆಂಟಿಮೀಟರ್ ಆಗಲೇಬೇಕೆಂಬ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಕೈಬಿಟ್ಟಿದೆ ಎಂದು ಸಮಾಧಾನ ಹೇಳಿದರು. ಪಾಳಿ ಮುಗಿದ ಮೇಲೂ ಮನೆಗೆ ಹೋಗದೆ ಉಳಿದ ಆ ಸಿಸ್ಟರ್‌ಗೆ ನನ್ನ ನಮಸ್ಕಾರ. ಸಂಜೆ ಏಳಕ್ಕೆ ಮಗಳು ಹುಟ್ಟಿದಳು, ಎರಡು ಕಿಲೋ ಒಂಬೈನೂರು ಗ್ರಾಂ.

ಬಿಡುಗಡೆಯ ದಿನ ಕಡತದ ಪ್ರತಿಯನ್ನು ಕೇಳಲು ನಾನು ಮರೆತಿದ್ದೆ. ಬಾಗಿಲವರೆಗೆ ಬಂದ ಅತ್ತೆ ಅಲ್ಲಿಂದ ಹಿಂದಿರುಗಿ, ಕೌಂಟರಿನ ಮುಂದೆ ಮುಕ್ಕಾಲು ಗಂಟೆ ನಿಂತು ಅದನ್ನು ತಂದರು. ತಾಯಿ ಕಾರ್ಡು, ಹಳೆಯ ಕಾಗದ, ಸೋರೆಬುರುಡೆಯ ಚಿತ್ರವಿರುವ ಚೀಟಿ, ಎಲ್ಲವೂ ಈಗ ಅವರ ಟ್ರಂಕಿನಲ್ಲಿ ಒಂದೇ ಕವರಿನಲ್ಲಿವೆ.